ನರ, ಸ್ನಾಯು, ಮಜ್ಜೆ: ನರಮಂಡಲದ ಮೂಲ ಪರಿಭಾಷೆ

ಪಾರಿಭಾಷಿಕ ಪದಗಳನ್ನು ಕುರಿತು ತರಗತಿಯಲ್ಲಿ ಮಾತನಾಡುವಾಗ ಸಾಮಾನ್ಯವಾಗಿ ಆಡಳಿತದ ಪದಗಳನ್ನೋ ಛಂದಸ್ಸಿನ ಪದಗಳನ್ನೋ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇವೆ. ಈ ಸಂಚಿಕೆಗಾಗಿ ಮನುಷ್ಯನ ನರಮಂಡಲಕ್ಕೆ ಸಂಬಂಧಿಸಿದ ಪದಗಳನ್ನು ಆರಿಸಿಕೊಂಡಿದ್ದೇನೆ. ಐಚ್ಛಿಕ ಕನ್ನಡದ ವಿದ್ಯಾರ್ಥಿಗೂ ಮೆದುಳಿಗೂ ಏನು ಸಂಬಂಧವೆಂದು ಕೇಳುವವರಿಗೆ ಒಂದು ಮಾತು. ಅಕ್ಕಲಕೋಟೆಯಿಂದಲೋ ಜತ್ತದಿಂದಲೋ ಅಜ್ಜಿಯನ್ನು ಸೊಲ್ಲಾಪುರದ ಅಥವಾ ಮೀರಜಿನ ಆಸ್ಪತ್ರೆಗೆ ಕರೆದೊಯ್ದಾಗ ವೈದ್ಯರ ಮರಾಠಿಯನ್ನು ಅಜ್ಜಿಗೆ ಕನ್ನಡದಲ್ಲಿ, ಅಜ್ಜಿಯ ಕನ್ನಡವನ್ನು ವೈದ್ಯರಿಗೆ ಮರಾಠಿಯಲ್ಲಿ ಹೇಳುವವರು ನೀವೇ. ಆಗ ನೀವು ಭಾಷಾಂತರಕಾರರು. ಆ ಭಾಷಾಂತರಕ್ಕೆ ಅಂಕಗಳಿಲ್ಲ. ಆದರೆ ತಪ್ಪಿದರೆ ತೆರಬೇಕಾದ ಬೆಲೆ ಪರೀಕ್ಷೆಯದಕ್ಕಿಂತ ಹೆಚ್ಚು.

ಮೊದಲು 'ನರ' ಎಂಬ ಪದವನ್ನೇ ನೋಡೋಣ. ಕನ್ನಡದಲ್ಲಿ ಎರಡು 'ನರ'ಗಳಿವೆ. ನರಸಿಂಹ, ನರಪತಿ, ನರಲೋಕ ಎಂಬಲ್ಲಿ ಇರುವುದು ಮನುಷ್ಯನೆಂಬ ಅರ್ಥದ ಸಂಸ್ಕೃತ ಪದ. ನರಮಂಡಲ, ನರಕೋಶ ಎಂಬಲ್ಲಿ ಇರುವುದು ದ್ರಾವಿಡ ಪದ. ತಮಿಳಿನ 'ನರಂಬು', ಮಲಯಾಳದ 'ಞರಂಬು', ತೆಲುಗಿನ 'ನರಮು' ಇದರ ಒಡಹುಟ್ಟುಗಳು. ಎರಡೂ ಪದಗಳು ರೂಪದಲ್ಲಿ ಒಂದೇ ಆಗಿರುವುದರಿಂದ ಸಂಸ್ಕೃತ ಮಾತ್ರ ಬಲ್ಲವನು 'ನರಕೋಶ'ವನ್ನು ಮನುಷ್ಯರ ಬೊಕ್ಕಸವೆಂದು ಅರ್ಥೈಸಿಯಾನು. ಮರಾಠಿಯಲ್ಲಿ 'ನರ' ಎಂದರೆ ಗಂಡು, 'ಮಾದಿ' ಎಂದರೆ ಹೆಣ್ಣು. ಮರಾಠಿ ಮಾಧ್ಯಮದಿಂದ ಬಂದ ವಿದ್ಯಾರ್ಥಿಗೆ 'ನರವಿಜ್ಞಾನ' ಎಂಬ ಪದ ಮೊದಲ ಸಲ ಕೇಳಿದಾಗ ನಗು ಬರುವುದು ಸಹಜ. ನಾನು ಎರಡೂ ಭಾಷೆಗಳಲ್ಲಿ ಶಾಲೆ ಕಲಿತವನಾದ್ದರಿಂದ ಆ ನಗು ನನಗೆ ಪರಿಚಿತ.

ವ್ಯಾಕರಣದ ಒಂದು ಸಂಗತಿಯನ್ನೂ ಇಲ್ಲಿಯೇ ಹೇಳಿಬಿಡಬೇಕು. 'ನರ' ಕನ್ನಡ, 'ಮಂಡಲ' ಸಂಸ್ಕೃತ. ಕೇಶಿರಾಜನ ಅಳತೆಗೋಲಿನಲ್ಲಿ ಇದು ಅರಿಸಮಾಸ. ಬಿರುದಾವಳಿಗಳಿಗೂ ಹಿಂದಿನವರು ಬಳಸಿದ ಪ್ರಯೋಗಗಳಿಗೂ ಅವನು ವಿನಾಯಿತಿ ಕೊಟ್ಟಿದ್ದಾನೆ. ವಿಜ್ಞಾನದ ಪಠ್ಯಪುಸ್ತಕಗಳನ್ನು ಅವನು ಕಂಡಿರಲಿಲ್ಲ. ನರಮಂಡಲ, ನರವ್ಯೂಹ, ನರಕೋಶ, ನರತಂತು ಎಲ್ಲವೂ ಇದೇ ಜಾತಿಯವು. ಇವು ಇಂದು ರೂಢಿಯಾಗಿವೆ, ಹಾಗೆಯೇ ಇರಲಿ. ಆದರೆ ಅಚ್ಚಗನ್ನಡ ಸಮಾಸಗಳು ಸಿಕ್ಕುವಲ್ಲಿ ಅವುಗಳ ಬೆಡಗೇ ಬೇರೆ. ಮೆದುಳಿನ ಮುಂದು ಮುಮ್ಮೆದುಳು, ಮೆದುಳಿನ ಹಿಂದು ಹಿಮ್ಮೆದುಳು: ಮುಂಗೈ, ಹಿಂಗಾಲುಗಳಂತೆಯೇ ಅಂಶಿಸಮಾಸ. ಕಿರಿದಾದ ಮೆದುಳು ಕಿರುಮೆದುಳು, ಕರ್ಮಧಾರಯ. ಬೆನ್ನಿನ ಹುರಿ ಬೆನ್ನುಹುರಿ, ತತ್ಪುರುಷ. ಸಮಾಸಪ್ರಕರಣವನ್ನು ಬಲ್ಲವನಿಗೆ ಈ ಪದಗಳನ್ನು ಕಂಠಪಾಠ ಮಾಡುವ ಅಗತ್ಯವೇ ಇಲ್ಲ, ವಿಗ್ರಹವಾಕ್ಯವೇ ಅರ್ಥವಿವರಣೆ.

ಆಡುಮಾತಿನಲ್ಲಿ 'ನರ' ಬಹಳ ವಿಶಾಲವಾದ ಪದ. 'ಕೈಯ ನರ ಉಬ್ಬಿದೆ' ಎನ್ನುವಾಗ ನಾವು ತೋರಿಸುವುದು ರಕ್ತನಾಳವನ್ನು. 'ನರ ಎಳೆದಿದೆ' ಎನ್ನುವಾಗ ನೋಯುತ್ತಿರುವುದು ಬಹುಮಟ್ಟಿಗೆ ಮಾಂಸಖಂಡ ಅಥವಾ ಅದನ್ನು ಎಲುಬಿಗೆ ಕಟ್ಟುವ ಸ್ನಾಯುರಜ್ಜು. ಒಣಕಲು ದೇಹದವನನ್ನು 'ನರಪೇತಲ' ಎನ್ನುವಾಗ ಚರ್ಮದ ಕೆಳಗೆ ಎದ್ದು ಕಾಣುವ ಎಲ್ಲ ಹುರಿಗಳೂ ಆ ನರದಲ್ಲಿ ಸೇರಿವೆ. ಶಾಸ್ತ್ರವು ಈ ವಿಶಾಲ ಪದವನ್ನು ತೆಗೆದುಕೊಂಡು ಅದರ ಅರ್ಥವನ್ನು ಕಿರಿದುಮಾಡಿತು: ರಕ್ತವನ್ನು ಒಯ್ಯುವುದು ರಕ್ತನಾಳ, ಎಲುಬಿಗೆ ಮಾಂಸವನ್ನು ಬಿಗಿಯುವುದು ಸ್ನಾಯುರಜ್ಜು, ಸಂದೇಶವನ್ನು ಒಯ್ಯುವುದು ಮಾತ್ರ ನರ. ಭಾಷಾವಿಜ್ಞಾನದಲ್ಲಿ ಅರ್ಥಸಂಕೋಚವೆಂದು ಓದುತ್ತೀರಲ್ಲ, ಪರಿಭಾಷೆ ಹುಟ್ಟುವ ಮುಖ್ಯ ದಾರಿಯೇ ಅದು. ತೊಂದರೆಯೆಂದರೆ ಹಳೆಯ ಅರ್ಥ ಅಳಿಯುವುದಿಲ್ಲ. ವೈದ್ಯರು ಕಿರಿದಾದ ಅರ್ಥದಲ್ಲಿ ಕೇಳುತ್ತಾರೆ, ರೋಗಿ ಹಿರಿದಾದ ಅರ್ಥದಲ್ಲಿ ಉತ್ತರಿಸುತ್ತಾನೆ. ಬಸ್ ನಿಲ್ದಾಣಗಳ ಗೋಡೆಗಳ ಮೇಲೆ 'ನರದೌರ್ಬಲ್ಯ'ಕ್ಕೆ ಚಿಕಿತ್ಸೆಯೆಂದು ಬರೆಸುವವರು ಬದುಕುವುದು ಈ ಎರಡು ಅರ್ಥಗಳ ನಡುವಿನ ಸಂದಿಯಲ್ಲಿ. ಆ ಹೆಸರಿನ ರೋಗವೊಂದು ಇಂದಿನ ನರವೈದ್ಯಶಾಸ್ತ್ರದಲ್ಲಿ ಇಲ್ಲ.

ಇನ್ನು 'ಸ್ನಾಯು'. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ದೇಹದ ಸ್ನಾಯುಗಳು 900, ಸಿರೆಗಳು 700, ಪೇಶಿಗಳು 500 ಎಂಬ ಎಣಿಕೆಯಿದೆ. ಅಲ್ಲಿ ಸ್ನಾಯುವೆಂದರೆ ಕಟ್ಟುವ ಹುರಿ, ಪೇಶಿಯೆಂದರೆ ಮಾಂಸದ ಖಂಡ. ಆ ಸ್ನಾಯು ಇಂದು ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಮಾಂಸಖಂಡವೆಂಬ ಅರ್ಥ ಪಡೆದಿದೆ. ಬಂಗಾಳಿಯಲ್ಲಿ ಅದೇ ಪದಕ್ಕೆ ನರವೆಂಬ ಅರ್ಥ. ಪೇಶಿಯ ಕಥೆ ಇನ್ನೂ ವಿಚಿತ್ರ. ಮಲಯಾಳದಲ್ಲಿ ಪೇಶಿ ಇಂದಿಗೂ ಮಾಂಸಖಂಡ. ಮರಾಠಿಯಲ್ಲಿ ಅದು ಜೀವಕೋಶ. ಹೀಗಾಗಿ ಮರಾಠಿಯ 'ಚೇತಾಪೇಶಿ'ಯನ್ನು 'ಮಾಂಸಪೇಶಿ' ಎಂಬ ಪದ ಬಲ್ಲ ಕನ್ನಡಿಗ ಓದಿದರೆ ಯಾವುದೋ ಮಾಂಸದ ಹೆಸರೆಂದು ತಿಳಿಯುತ್ತಾನೆ. ಅದರ ಅರ್ಥ ನರಕೋಶ.

ಗ್ರೀಕಿನ 'ನ್ಯೂರಾನ್' ಎಂಬ ಪದಕ್ಕೂ ಮೊದಲಿದ್ದ ಅರ್ಥ ಸ್ನಾಯುರಜ್ಜು, ಬಿಲ್ಲಿನ ಹೆದೆ ಎಂದೇ. ಸಂಸ್ಕೃತದ ಸ್ನಾಯು, ಸ್ನಾವನ್ ಎಂಬ ಪದಗಳೂ ಗ್ರೀಕಿನ ನ್ಯೂರಾನ್, ಲ್ಯಾಟಿನ್ನಿನ ನರ್ವಸ್ ಎಂಬ ಪದಗಳೂ ಒಂದೇ ಮೂಲದವೆಂದು ಭಾಷಾವಿಜ್ಞಾನಿಗಳು ಗುರುತಿಸಿದ್ದಾರೆ. ತಮಿಳಿನ ನರಂಬು ಸಂಘಸಾಹಿತ್ಯದಲ್ಲಿ ಯಾೞ್ ಎಂಬ ವಾದ್ಯದ ತಂತಿಗೂ ಹೆಸರು. ಅಂದರೆ ಬೇರೆ ಬೇರೆ ಭಾಷಾಕುಟುಂಬಗಳ ಜನ ಕೊಯ್ದ ದೇಹದಲ್ಲಿ ಬಿಳಿಯ ದಾರಗಳನ್ನು ಕಂಡು, ಅವನ್ನು ಹೆದೆಯೊಡನೆ, ವೀಣೆಯ ತಂತಿಯೊಡನೆ ಹೋಲಿಸಿ, ಒಂದೇ ಬಗೆಯ ಪದವನ್ನು ಆರಿಸಿಕೊಂಡರು. ಆ ದಾರದೊಳಗೆ ಸಂದೇಶ ಹರಿಯುತ್ತದೆಂಬ ತಿಳಿವು ಬಂದದ್ದು ಆಮೇಲೆ.

ಮೂರನೆಯದು 'ಮಜ್ಜೆ'. ಇದು ನಮ್ಮ ಪ್ರದೇಶದ ವಿದ್ಯಾರ್ಥಿಗಳು ವಿಶೇಷವಾಗಿ ಎಚ್ಚರದಿಂದ ನೋಡಬೇಕಾದ ಪದ. ಕನ್ನಡದಲ್ಲಿ ಮಜ್ಜೆಯೆಂದರೆ ಎಲುಬಿನೊಳಗಿನ ಅಸ್ಥಿಮಜ್ಜೆ, ಅಷ್ಟೇ. ಮರಾಠಿಯಲ್ಲಿ ಅಸ್ಥಿಮಜ್ಜೆಯ ಜೊತೆಗೆ ಮಜ್ಜಾತಂತು ಎಂದರೆ ನರ, ಮಜ್ಜಾರಜ್ಜು ಎಂದರೆ ಬೆನ್ನುಹುರಿ, ಮಜ್ಜಾಸಂಸ್ಥಾ ಎಂದರೆ ನರಮಂಡಲ. ಶಾಲಾಪುಸ್ತಕಗಳಲ್ಲಿ ಚೇತಾಸಂಸ್ಥಾ ಎಂಬ ಹೊಸ ಪದ ಬಂದಿದ್ದರೂ ಆಡುಮಾತಿನಲ್ಲಿ ಮಜ್ಜಾತಂತುವೇ ಹೆಚ್ಚು ಕೇಳುತ್ತದೆ. ವೈದ್ಯರು 'ಮಜ್ಜಾರಜ್ಜೂಲಾ ಸೂಜ ಆಹೇ' ಎಂದರೆಂದುಕೊಳ್ಳಿ. ಕನ್ನಡದ ಕಿವಿ ಅದನ್ನು ಎಲುಬಿನ ಮಜ್ಜೆಯ ಕಾಯಿಲೆಯೆಂದು ಕೇಳುತ್ತದೆ, ಮನೆಯವರಿಗೆ ರಕ್ತದ ಕ್ಯಾನ್ಸರಿನ ನೆನಪಾಗುತ್ತದೆ. ವೈದ್ಯರು ಹೇಳಿದ್ದು ಬೆನ್ನುಹುರಿಯ ಬಾವು. ಎರಡು ಕಾಯಿಲೆಗಳಿಗೂ ಹೋಗಬೇಕಾದ ವಿಭಾಗ ಬೇರೆ, ಮಾಡಬೇಕಾದ ಪರೀಕ್ಷೆ ಬೇರೆ, ಪಡಬೇಕಾದ ಆತಂಕವೂ ಬೇರೆ.

ಮರಾಠಿಯವರು ಈ ಪದವನ್ನು ತಪ್ಪಾಗಿ ಆರಿಸಿದರೆಂದು ತಿಳಿಯಬೇಡಿ. ಎಲುಬಿನ ಕೊಳವೆಯೊಳಗೆ ಮೃದುವಾದ ತಿರುಳಿದ್ದರೆ ಅದು ಮಜ್ಜೆ. ಬೆನ್ನುಮೂಳೆಯೂ ಒಂದು ಕೊಳವೆ, ಅದರೊಳಗೂ ತಿರುಳಿದೆ. ಲ್ಯಾಟಿನ್ನಿನಲ್ಲಿಯೂ ಇದೇ ತರ್ಕ. ನಿಮ್ಮ ವಿಜ್ಞಾನದ ಗೆಳೆಯರು ಬಾಯಿಪಾಠ ಮಾಡುವ 'ಮೆಡುಲ್ಲಾ ಅಬ್ಲಾಂಗೇಟಾ' ಎಂಬುದರ ಅರ್ಥ ನೀಳವಾದ ಮಜ್ಜೆ ಎಂದೇ; ಮರಾಠಿಯ 'ಲಂಬಮಜ್ಜಾ' ಅದರ ಅಕ್ಷರಶಃ ಭಾಷಾಂತರ. ಉಸಿರಾಟ, ಹೃದಯದ ಬಡಿತ, ನುಂಗುವುದು, ವಾಂತಿ ಮುಂತಾದವುಗಳ ನಿಯಂತ್ರಣ ಈ ಭಾಗದಲ್ಲಿದೆ. ಹಿಮ್ಮೆದುಳಿನ ಇನ್ನೊಂದು ಭಾಗವಾದ ಕಿರುಮೆದುಳು ನಡಿಗೆಯ ಸಮತೋಲವನ್ನೂ ಚಲನೆಗಳ ಹದವನ್ನೂ ನೋಡಿಕೊಳ್ಳುತ್ತದೆ. ಕನ್ನಡ ಪಠ್ಯಗಳು ಇದನ್ನು ಅನುಮಸ್ತಿಷ್ಕ ಎಂದೂ ಕರೆಯುತ್ತವೆ. ಮರಾಠಿಯ ಮನೆಮಾತು 'ಲಹಾನ ಮೇಂದೂ'. ನನಗೆ ಕಿರುಮೆದುಳೇ ಮೆಚ್ಚು. 'ಅನು' ಎಂಬ ಉಪಸರ್ಗ ಕೇಳಿದಾಗ ಹಿಂಬಾಲಿಸುವುದೋ ಚಿಕ್ಕದೋ ಎಂಬ ಅನುಮಾನ ಉಳಿಯುತ್ತದೆ, 'ಕಿರು' ಎಂಬಲ್ಲಿ ಉಳಿಯುವುದಿಲ್ಲ.

ಬೆನ್ನುಹುರಿಗೆ ನೆರೆಯ ಭಾಷೆಗಳು ಇಟ್ಟ ಹೆಸರುಗಳನ್ನು ಒಂದೆಡೆ ಇಟ್ಟು ನೋಡುವುದು ಸಂತೋಷದ ಕೆಲಸ. ಕನ್ನಡದಲ್ಲಿ ಅದು ಹುರಿ. ಶಾಲಾಪಠ್ಯಗಳಲ್ಲಿ ಮೆದುಳುಬಳ್ಳಿ, ಮೆದುಳೆಂಬ ಕಾಯಿಯಿಂದ ಇಳಿಬಿದ್ದ ಬಳ್ಳಿ. ಮರಾಠಿಯ ಪಠ್ಯಗಳಲ್ಲಿ ಮೇರುರಜ್ಜು, ಮೇರುಪರ್ವತದಂತಹ ಬೆನ್ನುಮೂಳೆಯೊಳಗಿನ ಹಗ್ಗ. ತಮಿಳಿನ ತಂಡುವಡವೂ ಹಗ್ಗವೇ. ಆದವಾನಿ, ರಾಯದುರ್ಗದ ಕನ್ನಡ ವಿದ್ಯಾರ್ಥಿ ತನ್ನ ತೆಲುಗು ಗೆಳೆಯನ ಪುಸ್ತಕದಲ್ಲಿ ಕಾಣುವುದು 'ವೆನ್ನುಪಾಮು': ಬೆನ್ನಿನ ಹಾವು. ಕಾಸರಗೋಡಿನವನು ಮಲಯಾಳದಲ್ಲಿ ಕಾಣುವುದು 'ಸುಷುಮ್ನಾ'. ಈ ಕೊನೆಯದು ವಚನಸಾಹಿತ್ಯದ ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆ. ಇಡಾ, ಪಿಂಗಳಾ, ಸುಷುಮ್ನಾ ಎಂಬ ನಾಡಿಗಳು ಯೋಗಶಾಸ್ತ್ರದ ಪರಿಭಾಷೆ. ಅನುಭಾವಿಗಳು ಅವನ್ನು ಸಾಧನೆಯ ದಾರಿಯಾಗಿ ಹೇಳಿದರು, ಶವವನ್ನು ಕೊಯ್ದು ಕಂಡದ್ದನ್ನು ಹೇಳಲಿಲ್ಲ. ಷಟ್ಚಕ್ರಗಳನ್ನು ನರಗ್ರಂಥಿಗಳೆಂದು ವ್ಯಾಖ್ಯಾನಿಸಿ ವಚನವನ್ನು ವಿಜ್ಞಾನವಾಗಿಸುವ ಉತ್ಸಾಹದಿಂದ ವಚನಕ್ಕೂ ಲಾಭವಿಲ್ಲ, ವಿಜ್ಞಾನಕ್ಕೂ ಲಾಭವಿಲ್ಲ. 'ನಾಡಿ' ಎಂಬ ಪದ ತೆಲುಗು, ಮಲಯಾಳಗಳ ಪುಸ್ತಕಗಳಲ್ಲಿ ನರ. ಕನ್ನಡದಲ್ಲಿ ಮಣಿಕಟ್ಟಿನಲ್ಲಿ ಹಿಡಿದು ನೋಡುವ ಮಿಡಿತ. ತೆಲುಗಿನ 'ನಾಡೀಕಣ' ನಮ್ಮ ನರಕೋಶ. ಕನ್ನಡದ 'ಕಣ' ಒಂದೋ ಧೂಳಿನದು, ಇಲ್ಲವೇ ರಾಶಿ ಮಾಡುವ ಕಣ.

ಬೆನ್ನುಹುರಿ ಮತ್ತು ಬೆನ್ನುಮೂಳೆ ಎಂಬ ಎರಡು ಪದಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳುವುದು ಅತ್ಯಗತ್ಯ. ಮೂಳೆ ಕೊರಳಿನಿಂದ ಬಾಲದೆಲುಬಿನವರೆಗೆ ಇಳಿದಿದೆ. ಒಳಗಿನ ಹುರಿ ಅಷ್ಟು ಉದ್ದವಿಲ್ಲ. ವಯಸ್ಕರಲ್ಲಿ ಸುಮಾರು 45 ಸೆಂಟಿಮೀಟರ್, ಕಿರುಬೆರಳಿನ ದಪ್ಪ, ಸೊಂಟದ ಒಂದನೆಯ ಅಥವಾ ಎರಡನೆಯ ಕಶೇರುಮಣಿಯ ಹತ್ತಿರ ಮುಗಿಯುತ್ತದೆ. ಅಲ್ಲಿಂದ ಕೆಳಗೆ ಇಳಿಯುವುದು ಬಿಡಿಬಿಡಿ ನರಗಳ ಗೊಂಚಲು. ಅದಕ್ಕೆ ಲ್ಯಾಟಿನ್ನಿನಲ್ಲಿ ಕುದುರೆಯ ಬಾಲವೆಂದೇ ಹೆಸರು. ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಮೆದುಳುಜ್ವರದ ಸಂಶಯವಿರುವ ಮಗುವಿನ 'ಬೆನ್ನಿನ ನೀರು' ತೆಗೆದು ಪರೀಕ್ಷಿಸಬೇಕೆಂದು ವೈದ್ಯರು ಹೇಳಿದಾಗ, ಸೂಜಿ ಬೆನ್ನುಹುರಿಗೆ ತಾಗಿ ಮಗು ಹೆಳವಾಗುತ್ತದೆಂದು ಹೆದರುವ ಮನೆಯವರು ಅನೇಕರು. ಆ ಸೂಜಿಯನ್ನು ಚುಚ್ಚುವುದು ಹುರಿ ಮುಗಿದ ಜಾಗಕ್ಕಿಂತ ಕೆಳಗೆ. ಅಲ್ಲಿ ಮೂಳೆ ಇದೆ, ನೀರು ಇದೆ, ಹುರಿ ಇಲ್ಲ. ಎರಡು ಪದಗಳ ವ್ಯತ್ಯಾಸ ಬಲ್ಲ ಒಬ್ಬ ಹುಡುಗಿ ಇದನ್ನು ತನ್ನ ದೊಡ್ಡಮ್ಮನಿಗೆ ಮನೆಯ ಕನ್ನಡದಲ್ಲಿ ಹೇಳಬಲ್ಲಳು.

ಮೆದುಳು ಮತ್ತು ಬೆನ್ನುಹುರಿ ಸೇರಿ ಕೇಂದ್ರ ನರಮಂಡಲ. ಅವುಗಳಿಂದ ಹೊರಟು ದೇಹದಲ್ಲೆಲ್ಲ ಹರಡಿದ್ದು ಪರಿಧಿ ನರಮಂಡಲ: ಮೆದುಳಿನಿಂದ 12 ಜೊತೆ, ಬೆನ್ನುಹುರಿಯಿಂದ 31 ಜೊತೆ ನರಗಳು. ಒಳಗೆ ಸುದ್ದಿ ತರುವವು ಜ್ಞಾನವಾಹಿ, ಹೊರಗೆ ಆಜ್ಞೆ ಒಯ್ಯುವವು ಕ್ರಿಯಾವಾಹಿ. ಜ್ಞಾನೇಂದ್ರಿಯ, ಕರ್ಮೇಂದ್ರಿಯ ಎಂಬ ಹಳೆಯ ವಿಭಾಗವನ್ನು ಬಲ್ಲವರಿಗೆ ಈ ಜೋಡಿ ತಾನಾಗಿಯೇ ನೆನಪಿನಲ್ಲಿ ನಿಲ್ಲುತ್ತದೆ. ಮರಾಠಿಯ ಸಂವೇದಿ, ಪ್ರೇರಕ ಎಂಬ ಜೋಡಿಗಿಂತ ಇದು ಮೇಲೆಂದು ನನ್ನ ಎಣಿಕೆ. ರೊಟ್ಟಿಯ ಕಾದ ಹಂಚಿಗೆ ಬೆರಳು ತಾಗಿದಾಗ ಸುದ್ದಿ ಜ್ಞಾನವಾಹಿಯಲ್ಲಿ ಬೆನ್ನುಹುರಿಗೆ ಬಂದು, ಅಲ್ಲಿಂದಲೇ ಕ್ರಿಯಾವಾಹಿಯ ಮೂಲಕ ತೋಳಿಗೆ ಆಜ್ಞೆ ಹೋಗುತ್ತದೆ. ಉರಿಯೆಂಬ ಅರಿವು ಮೆದುಳಿಗೆ ಮುಟ್ಟುವ ಮೊದಲೇ ಕೈ ಹಿಂದೆ ಬಂದಿರುತ್ತದೆ. ಇದು ಪರಾವರ್ತಿತ ಪ್ರತಿಕ್ರಿಯೆ. ಮರಾಠಿಯಲ್ಲಿ ಪ್ರತಿಕ್ಷಿಪ್ತ ಕ್ರಿಯಾ. ಮರಾಠಿಯ 'ಪರಾವರ್ತನ' ಕನ್ನಡಿಯಲ್ಲಿ ಬೆಳಕು ಹಿಂತಿರುಗುವುದಕ್ಕೆ ಹೆಸರು, ಕನ್ನಡದಲ್ಲಿ ಅದು ಪ್ರತಿಫಲನ. ಇಲ್ಲಿ ಮಾತ್ರ ಮರಾಠಿಯ ಅರ್ಥವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಹಾನಿಯಿಲ್ಲ, ಉಪಕಾರವೇ ಆದೀತು.

ನರಕೋಶದ ಭಾಗಗಳಿಗೆ ಬರೋಣ. ನಡುವೆ ಕೋಶದ ಒಡಲು, ಸುತ್ತ ಗಿಡದ ಟಿಸಿಲುಗಳಂತೆ ಡೆಂಡ್ರೈಟುಗಳು, ಒಂದು ಕಡೆಗೆ ನೀಳವಾದ ಆಕ್ಸಾನ್. ಗ್ರೀಕಿನಲ್ಲಿ ಡೆಂಡ್ರಾನ್ ಮರ, ಆಕ್ಸಾನ್ ಗಾಡಿಯ ಅಚ್ಚು. ಮರಾಠಿಯವರು ವೃಕ್ಷಿಕಾ, ಅಕ್ಷತಂತು ಎಂದು ಕರೆದರು. ಎರಡನೆಯದು ಅದೃಷ್ಟದ ಭಾಷಾಂತರ. ಅಕ್ಷ ಮತ್ತು ಆಕ್ಸಾನ್ ದೂರದ ದಾಯಾದಿಗಳಾದ್ದರಿಂದ ಅರ್ಥವೂ ಉಳಿಯಿತು, ನಾದವೂ ಉಳಿಯಿತು. ಬೆನ್ನುಹುರಿಯಿಂದ ಕಾಲಿನ ಬೆರಳಿಗೆ ಇಳಿಯುವ ಆಕ್ಸಾನ್ ಸುಮಾರು ಒಂದು ಮೀಟರ್ ಉದ್ದ. ಒಂದೇ ಕೋಶದ ಎಳೆ ಅದು. ಸಕ್ಕರೆ ಕಾಯಿಲೆಯಿಂದ ನರಗಳು ಕೆಡುವಾಗ ಪಾದದಲ್ಲಿ ಮೊದಲು ತಿಳಿಯುವುದು ಇದೇ ಕಾರಣಕ್ಕೆ: ಅತಿ ಉದ್ದದ ಎಳೆಗಳ ತುದಿ ಮೊದಲು ಬಾಡುತ್ತದೆ. ಎಳೆಯ ಸುತ್ತ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ದಪ್ಪವಾಗಿದ್ದರೆ ಸಂದೇಶ ಸೆಕೆಂಡಿಗೆ 120 ಮೀಟರಿನವರೆಗೂ ಓಡುತ್ತದೆ. ಹೊದಿಕೆಯಿಲ್ಲದ ನೋವಿನ ಎಳೆಗಳಲ್ಲಿ ಅದು ಎರಡು ಮೀಟರನ್ನೂ ದಾಟುವುದಿಲ್ಲ. ಎಡವಿದಾಗ ತಾಗಿದ್ದು ಮೊದಲು ತಿಳಿದು, ಒಂದು ಗಳಿಗೆ ತಡೆದು ನೋವು ಏರುತ್ತದಲ್ಲ, ಆ ನಡುವಿನ ಬಿಡುವು ಇದೇ.

ಒಂದು ಮೆದುಳಿನಲ್ಲಿ ಇಂತಹ ಕೋಶಗಳು ಸುಮಾರು 8,600 ಕೋಟಿ. ಇವು ಒಂದಕ್ಕೊಂದು ಬೆಸೆದು ಒಂದೇ ಬಲೆಯಾಗಿವೆಯೋ, ಬಿಡಿಬಿಡಿಯಾಗಿವೆಯೋ ಎಂಬುದು ಹತ್ತೊಂಬತ್ತನೆಯ ಶತಮಾನದ ದೊಡ್ಡ ವಾದ. ಇಟಲಿಯ ಗಾಲ್ಜಿ ಬಲೆಯೆಂದ. ಅವನೇ ಕಂಡುಹಿಡಿದ ಬೆಳ್ಳಿಯ ಬಣ್ಣವನ್ನು ಬಳಸಿ ಸ್ಪೇನಿನ ಕಹಾಲ್ ಬಿಡಿಕೋಶಗಳೆಂದ. 1906ರಲ್ಲಿ ಇಬ್ಬರಿಗೂ ಸೇರಿಸಿ ನೊಬೆಲ್ ಪ್ರಶಸ್ತಿ ಬಂತು. ಗಾಲ್ಜಿ ಪ್ರಶಸ್ತಿಭಾಷಣದಲ್ಲಿಯೂ ತನ್ನ ವಾದವನ್ನೇ ಎತ್ತಿಹಿಡಿದ. ಗೆದ್ದದ್ದು ಕಹಾಲನ ಮತ. ಆದ್ದರಿಂದಲೇ ಘಟಕಕ್ಕೆ ನರಕೋಶವೆನ್ನುವುದು ಸರಿ. ಎರಡು ಕೋಶಗಳು ಸಮೀಪಿಸುವ ಜಾಗಕ್ಕೆ 1897ರಲ್ಲಿ ಷೆರಿಂಗ್ಟನ್ 'ಸಿನಾಪ್ಸ್' ಎಂಬ ಹೆಸರನ್ನು ಬಳಕೆಗೆ ತಂದ. ಕನ್ನಡದಲ್ಲಿ ಸಂಪರ್ಕಸ್ಥಾನ. ಇದನ್ನು ಸಂಧಿಯೆಂದರೇನೆಂದು ನನ್ನ ವಿದ್ಯಾರ್ಥಿಗಳು ಕೇಳುವುದುಂಟು. ಸಂಧಿಯಲ್ಲಿ ಎರಡು ಅಕ್ಷರಗಳು ಕಾಲವಿಳಂಬವಿಲ್ಲದೆ ಕೂಡುತ್ತವೆ. ಇಲ್ಲಿ ಕೂಡುವುದಿಲ್ಲ; ಮಿಲಿಮೀಟರಿನ ಸುಮಾರು 50,000ದಲ್ಲಿ ಒಂದು ಪಾಲಿನಷ್ಟು ಸಂದು ಉಳಿದೇ ಇರುತ್ತದೆ, ರಾಸಾಯನಿಕಗಳು ಆ ಸಂದನ್ನು ದಾಟಿ ಸಂದೇಶ ಮುಟ್ಟಿಸುತ್ತವೆ, ಅಲ್ಪಕಾಲದ ವಿಳಂಬವೂ ಆಗುತ್ತದೆ. ವ್ಯಾಕರಣದಿಂದಲೇ ಹೋಲಿಕೆ ಬೇಕಾದರೆ ಪ್ರಕೃತಿಭಾವ ಹತ್ತಿರ.

ಕೆಲವು ಪದಗಳನ್ನು ಭಾಷಾಂತರಿಸದೆ ಬಿಡುವುದೇ ಜಾಣತನ. ಹೆದರಿದಾಗ ಎದೆ ಬಡಿತ ಏರಿಸುವ 'ಸಿಂಪಥೆಟಿಕ್' ನರಗಳನ್ನು ಮರಾಠಿ 'ಅನುಕಂಪಿ' ಎನ್ನುತ್ತದೆ. ಆ ನರಗಳಿಗೂ ಅನುಕಂಪಕ್ಕೂ ಸಂಬಂಧವಿಲ್ಲ. ಅಂಗಗಳು ಒಂದರೊಡನೊಂದು ಮಿಡಿಯುತ್ತವೆಂಬ ಪ್ರಾಚೀನ ಕಲ್ಪನೆಯ ಉಳಿಕೆ ಆ ಹೆಸರು. ಮೂಲದಲ್ಲೇ ದಾರಿ ತಪ್ಪಿಸುವ ಪದವನ್ನು ನಿಷ್ಠೆಯಿಂದ ಭಾಷಾಂತರಿಸಿದರೆ ದಾರಿ ತಪ್ಪುವವರ ಸಂಖ್ಯೆ ಹೆಚ್ಚುತ್ತದೆ.

ಕೊನೆಯದಾಗಿ ರೋಗಲಕ್ಷಣಗಳ ಪದಗಳು. ಮರಾಠಿಯಲ್ಲಿ 'ಬಧಿರ' ಎಂದರೆ ಕಿವುಡ ಮಾತ್ರವಲ್ಲ, ಸ್ಪರ್ಶ ತಿಳಿಯದ್ದೂ ಹೌದು. 'ಪಾಯ ಬಧಿರ ಝಾಲಾಯ ಕಾ' ಎಂದು ವೈದ್ಯರು ಕೇಳಿದರೆ ಅಜ್ಜಿಗೆ 'ಕಾಲು ಮರಗಟ್ಟಿದೆಯೇ' ಎಂದು ಹೇಳಬೇಕು. 'ಮುಂಗ್ಯಾ ಯೇತಾತ ಕಾ' ಎಂದರೆ ಜೋಮು ಹಿಡಿಯುತ್ತದೆಯೇ ಎಂದು. ಮರಗಟ್ಟುವುದು ಅರಿವಿಲ್ಲದಿರುವುದು, ಜೋಮು ಇಲ್ಲದ ಇರುವೆಗಳ ಅರಿವು. ವೈದ್ಯರಿಗೆ ಇವೆರಡೂ ಬೇರೆ ಸುಳಿವುಗಳು. ಎರಡನ್ನೂ 'ಕಾಲುನೋವು' ಎಂದು ಒಂದುಗೂಡಿಸುವ ಭಾಷಾಂತರದಲ್ಲಿ ರೋಗದ ಗುರುತೇ ಕಳೆದುಹೋಗುತ್ತದೆ. ಅಪಸ್ಮಾರವೆಂಬ ಪದವನ್ನು ನೀವು ಕಾವ್ಯಮೀಮಾಂಸೆಯಲ್ಲಿ 33 ವ್ಯಭಿಚಾರಿಭಾವಗಳ ಪಟ್ಟಿಯಲ್ಲಿ ಕಂಡಿದ್ದೀರಿ, ನಟರಾಜನ ಪಾದದಡಿಯಲ್ಲಿ ಕುಬ್ಜನಾಗಿ ಕಂಡಿದ್ದೀರಿ. ಆಸ್ಪತ್ರೆಯಲ್ಲಿ ಅದು ಮೆದುಳಿನ ಕೋಶಗಳ ವಿದ್ಯುತ್ ಚಟುವಟಿಕೆ ಹಠಾತ್ತನೆ ಹದ್ದು ಮೀರಿದಾಗ ಬರುವ ರೋಗ. ಕೈಗೆ ಕಬ್ಬಿಣ ಕೊಡುವುದರಿಂದ ಅದು ನಿಲ್ಲುವುದಿಲ್ಲ.

'ಲಕ್ವಾ' ಅರಬ್ಬಿಯಿಂದ ಬಂದ ಪದ, ಮೊದಲಿಗೆ ಮುಖದ ಸೊಟ್ಟಕ್ಕೆ ಹೆಸರು. 'ಪಾರ್ಶ್ವವಾಯು' ಸಂಸ್ಕೃತ; ಒಂದು ಪಕ್ಕಕ್ಕೆ ವಾಯು ಬಡಿಯಿತೆಂಬ ಕಲ್ಪನೆ. ಎರಡೂ ಹೆಸರುಗಳು ಕಾಯಿಲೆಯನ್ನು ಮುಖದಲ್ಲಿ, ಕೈಕಾಲಿನಲ್ಲಿ ತೋರಿಸುತ್ತವೆ. ಕಾಯಿಲೆ ಇರುವುದು ಬಹುಮಟ್ಟಿಗೆ ಮೆದುಳಿನಲ್ಲಿ, ಅದೂ ಎದುರು ಪಕ್ಕದಲ್ಲಿ: ಎಡಮೆದುಳಿನ ರಕ್ತನಾಳ ಕಟ್ಟಿದರೆ ಬಲಗೈ ಬೀಳುತ್ತದೆ. ಕೈ ಬಿದ್ದಿದೆ ಎಂದು ಎಣ್ಣೆ ತಿಕ್ಕುತ್ತ, ಔಷಧಿ ಕೊಡುವ ಊರನ್ನು ವಿಚಾರಿಸುತ್ತ ಕೂರುವುದಕ್ಕೆ ಹೆಸರೇ ಅರ್ಧ ಕಾರಣ. ಕಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ಮುಖ ಒಂದು ಕಡೆ ಜಾರಿತು, ಒಂದು ತೋಳು ಏಳದು, ಮಾತು ತೊದಲಿತು, ಎಷ್ಟು ಗಂಟೆಗೆ ಶುರುವಾಯಿತು: ಈ ನಾಲ್ಕು ಮಾತುಗಳನ್ನು ವೈದ್ಯರಿಗೆ ಮರಾಠಿಯಲ್ಲಿ ಹೇಳಲು ಬರಬೇಕು. ಮನೆಯಲ್ಲಿ 'ಮೆದುಳಿಗೆ ಪೆಟ್ಟಾಗಿದೆ, ಈಗಲೇ ಹೊರಡಬೇಕು' ಎಂದು ಕನ್ನಡದಲ್ಲಿ ಹೇಳಲೂ ಬರಬೇಕು.

ಅಭ್ಯಾಸಕ್ಕಾಗಿ: ನಿಮ್ಮ ಮನೆಯ, ಓಣಿಯ ಹಿರಿಯರಿಂದ ಜೋಮು, ಸೆಳೆತ, ನಡುಕ, ತಲೆಸುತ್ತು, ಮೈಮರೆವು ಇವುಗಳಿಗೆ ಬಳಸುವ ಪದಗಳನ್ನು ಕೇಳಿ, ಅವರು ಹೇಳಿದ ಉಚ್ಚಾರಣೆಯಲ್ಲಿಯೇ ಬರೆದುಕೊಳ್ಳಿ. ಪ್ರತಿ ಪದದ ಎದುರು ಮರಾಠಿಯ ಸಮಾನಪದವನ್ನೂ, ಎರಡರ ಅರ್ಥವ್ಯಾಪ್ತಿ ಎಲ್ಲಿ ಬೇರೆಯಾಗುತ್ತದೆಂಬುದನ್ನೂ ಒಂದೆರಡು ವಾಕ್ಯಗಳಲ್ಲಿ ನಮೂದಿಸಿ. ಒಂದೇ ಪದಕ್ಕೆ ಇಬ್ಬರು ಹಿರಿಯರು ಎರಡು ಅರ್ಥ ಹೇಳಿದರೆ ಎರಡನ್ನೂ ಉಳಿಸಿಕೊಳ್ಳಿ, ತಿದ್ದಬೇಡಿ.